ಫ್ರಿಜ್ಜಿಗೆ ಬಾಲ ಬಂದ ಮೇಲೆ: ಅಜ್ಜಿಯ ಇನ್ಸುಲಿನ್, ಒಂದು ಪುಟ್ಟ ಬೋರ್ಡು ಮತ್ತು 42 ಗಂಟೆಯ ಮೌನ

 

ಇವತ್ತಿನ ವಿಷಯ ಕೇಳೋಕೆ ಸ್ವಲ್ಪ ಒಣ ಅನ್ನಿಸ್ಬಹುದು. ಮೈಕ್ರೋಕಂಟ್ರೋಲರ್‌ನಿಂದ ವೆಬ್ ಸರ್ವರ್‌ಗೆ ಸೆನ್ಸರ್ ಡೇಟಾ ಕಳಿಸೋದು ಹೇಗೆ ಅಂತ. ಇದಕ್ಕೆ ಯೂಟ್ಯೂಬ್‌ನಲ್ಲಿ ಸಾವಿರ ವಿಡಿಯೋ ಇದೆ, ಹತ್ತು ನಿಮಿಷದಲ್ಲಿ ಮುಗಿಸ್ತಾರೆ. ನಂಗೆ ಸರಿಯಾಗಿ ಮಾಡೋಕೆ ಒಂದು ವರ್ಷ ಹಿಡೀತು. ಆ ಒಂದು ವರ್ಷದ ಕತೆ ಹೇಳ್ತೀನಿ.

ನಮ್ಮ ಊರು ಸಾಗರ ತಾಲ್ಲೂಕಿನಲ್ಲಿ. ಮನೇಲಿ ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ. ಅಜ್ಜಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ತಿಂಗಳಿಗೆ ಆಗುವಷ್ಟು ಬಾಟಲಿಗಳನ್ನು ಪೇಟೆಯಿಂದ ತಂದು ಫ್ರಿಜ್ಜಲ್ಲಿ ಇಡ್ತಾರೆ. ಎರಡು ವರ್ಷದ ಹಿಂದೆ ಒಂದು ಸಲ ಏನು ಮಾಡಿದರೂ ಅಜ್ಜಿಯ ಶುಗರ್ ಇಳೀತಾ ಇರಲಿಲ್ಲ. ಡಾಕ್ಟರು ಡೋಸ್ ಏರಿಸಿದರು, ಊಟ ಕೇಳಿದರು, ಕೊನೆಗೆ ಕೇಳಿದ ಪ್ರಶ್ನೆ: "ಔಷಧಿ ಫ್ರಿಜ್ಜಲ್ಲಿ ಎಲ್ಲಿ ಇಡ್ತೀರಿ?" ಫ್ರೀಜರಿನ ಕೆಳಗೆ, ಹಿಂಬದಿ ಗೋಡೆಗೆ ತಾಗಿಸಿ ಇಡ್ತಿದ್ವಿ. ಅಲ್ಲಿ ರಾತ್ರಿ ಹೊತ್ತು ಹೆಪ್ಪುಗಟ್ಟಿ, ಹಗಲು ಬಾಗಿಲು ತೆಗೆದು ಹಾಕಿದಾಗ ಕರಗ್ತಿತ್ತು ಅಂತ ಅವರ ಅನುಮಾನ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರ್ಬೇಕು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸಬಾರದು, ನೋಡೋಕೆ ಸರಿಯಾಗೇ ಕಂಡರೂ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡೋಳು. ಬೇರೆಯವರ ತಪ್ಪು ಹುಡುಕೋದೇ ಸಂಬಳ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ನಗೋಕೆ ಬೇಕಾಗುತ್ತೆ.

ಎಸ್‌ಪಿ ರೋಡಿಗೆ ಹೋಗಿ ಮೂರು ಸಾಮಾನು ತಂದೆ. ಒಂದು ನೋಡ್‌ಎಂಸಿಯು ಬೋರ್ಡು. ಅದರ ಮೇಲಿರೋ ಚಿಪ್ಪು ಇಎಸ್‌ಪಿ8266, ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯದ್ದು. 2014ರಲ್ಲಿ ಅದು ಹೊರಜಗತ್ತಿಗೆ ಗೊತ್ತಾದಾಗ ದೊಡ್ಡ ಸುದ್ದಿ ಆಗಿತ್ತು, ಯಾಕಂದ್ರೆ ವೈಫೈ ಮತ್ತು ಕೋಡ್ ಓಡಿಸೋ ಪ್ರೊಸೆಸರ್ ಎರಡೂ ಒಂದೇ ಅಗ್ಗದ ಚಿಪ್ಪಲ್ಲಿ ಸಿಗ್ತಿತ್ತು. ಎರಡನೇದು ಡಿಎಸ್18ಬಿ20 ಅನ್ನೋ ಟೆಂಪರೇಚರ್ ಸೆನ್ಸರ್, ಸ್ಟೀಲ್ ತುದಿ, ಉದ್ದ ವೈರು, ನೀರಲ್ಲಿ ಮುಳುಗಿಸಬಹುದು. ಮೂರನೇದು 4.7 ಕಿಲೋಓಮ್ ರೆಸಿಸ್ಟರ್. ಅದು ಸೆನ್ಸರಿನ ಡೇಟಾ ವೈರಿಗೂ 3.3 ವೋಲ್ಟ್‌ಗೂ ನಡುವೆ ಕೂರಬೇಕು. ಅದು ಇಲ್ಲದೆ ಸೆನ್ಸರ್ ಮಾತೇ ಆಡಲ್ಲ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯ್ತು.

ಬೋರ್ಡನ್ನು ಫ್ರಿಜ್ಜಿನ ಒಳಗೆ ಇಡಬೇಡಿ. ಫ್ರಿಜ್ಜು ಅಂದ್ರೆ ತಗಡಿನ ಡಬ್ಬ, ವೈಫೈ ಹೊರಗೆ ಬರೋಕೆ ಒದ್ದಾಡುತ್ತೆ, ಒಳಗಿನ ತೇವಕ್ಕೆ ಬೋರ್ಡೂ ಹಾಳಾಗುತ್ತೆ. ವೈರು ಮಾತ್ರ ಬಾಗಿಲಿನ ರಬ್ಬರ್ ಸಂದಿಯಿಂದ ಒಳಗೆ ಹೋಗಬೇಕು. ಇನ್ನೊಂದು, ಸೆನ್ಸರ್ ತುದೀನ ಸುಮ್ನೆ ಗಾಳಿಯಲ್ಲಿ ನೇತುಹಾಕಿದರೆ ಯಾರಾದ್ರೂ ಮೊಸರು ತೆಗೆಯೋಕೆ ಬಾಗಿಲು ತೆಗೆದಾಗೆಲ್ಲ 12, 13 ಡಿಗ್ರಿ ಅಂತ ಕೂಗುತ್ತೆ. ಗಾಳಿ ಬೇಗ ಬಿಸಿಯಾಗುತ್ತೆ, ಬಾಟಲಿಯೊಳಗಿನ ಔಷಧಿ ಅಷ್ಟು ಬೇಗ ಆಗಲ್ಲ. ಹಾಗಾಗಿ ಒಂದು ಚಿಕ್ಕ ಬಾಟಲಿಯಲ್ಲಿ ನೀರು ತುಂಬಿ ಅದರೊಳಗೆ ತುದಿ ಮುಳುಗಿಸಿ, ಇನ್ಸುಲಿನ್ ಪಕ್ಕದಲ್ಲೇ ಇಟ್ಟೆ. ಲಸಿಕೆ ಇಡೋ ಫ್ರಿಜ್ಜುಗಳಲ್ಲೂ ಇದೇ ಉಪಾಯ ಇದೆ, ಅಲ್ಲಿ ನೀರಿನ ಬದಲು ಗ್ಲೈಕಾಲ್ ಬಳಸೋದು ಸಾಮಾನ್ಯ. ಅಂದಹಾಗೆ ನಮ್ಮ ದೇಶದಲ್ಲಿ ಸರ್ಕಾರಿ ಲಸಿಕೆ ಫ್ರಿಜ್ಜುಗಳ ಮೇಲೆ ಕಣ್ಣಿಡೋಕೆ ಇವಿನ್ ಅನ್ನೋ ವ್ಯವಸ್ಥೆ ಇದೆ. ಅದರ ಟೆಂಪರೇಚರ್ ಲಾಗರ್‌ಗಳಲ್ಲಿ ಸಿಮ್ ಇರುತ್ತೆ, ವೈಫೈ ನಂಬಿ ಕೂತಿಲ್ಲ. ಯಾಕೆ ಅಂತ ನಂಗೆ ಆಮೇಲೆ ಚೆನ್ನಾಗಿ ಅರ್ಥ ಆಯ್ತು.

ಅಜ್ಜಿ ಬಂದು ನೋಡಿ ಕೇಳಿದ್ದು, "ಎಂತದೇ ಕೂಸೆ ಇದು, ಫ್ರಿಜ್ಜಿಗೆ ಬಾಲ ಬಂದಂಗಿದೆ?"

ಸರಿ, ಈಗ ಕಳಿಸೋ ವಿಷಯ. ಬೋರ್ಡು ವೈಫೈಗೆ ಸೇರುತ್ತೆ, ಸರ್ವರ್ ವಿಳಾಸಕ್ಕೆ ಒಂದು ಕನೆಕ್ಷನ್ ತೆಗೆಯುತ್ತೆ, ಎಚ್‌ಟಿಟಿಪಿ ಅನ್ನೋ ಭಾಷೇಲಿ ಒಂದು ಕಾಗದ ಬರೆಯುತ್ತೆ. ಮೊದಲ ಸಾಲಲ್ಲಿ ಏನು ಮಾಡ್ಬೇಕು, ಎಲ್ಲಿಗೆ ಅಂತ. ಆಮೇಲೆ ಹೆಡರ್‌ಗಳು, ಅಂದ್ರೆ ಲಕೋಟೆ ಮೇಲಿನ ವಿವರ: ಒಳಗಿರೋದು ಜೇಸನ್, ಉದ್ದ ಇಷ್ಟು. ಒಂದು ಖಾಲಿ ಸಾಲು. ಅದರ ಕೆಳಗೆ ನಿಜವಾದ ಸುದ್ದಿ: ನಾನು ಇಂಥ ಡಿವೈಸು, ಟೆಂಪರೇಚರ್ 5.1. ಸರ್ವರ್ ಅದನ್ನು ಓದಿ ಡೇಟಾಬೇಸಿಗೆ ಹಾಕಿ, ತಿರುಗಿ 200 ಅಂತ ಒಂದು ಸಂಖ್ಯೆ ಕಳಿಸುತ್ತೆ. 200 ಅಂದ್ರೆ ತಲುಪಿತು, ಸರಿಯಾಗಿದೆ. ಇಷ್ಟೇ.

ನಂಗೆ ಬಂದಿದ್ದು 200 ಅಲ್ಲ, ಮೈನಸ್ 1. ಅದು ಸರ್ವರ್ ಕೊಟ್ಟ ಉತ್ತರ ಅಲ್ಲ, ಕನೆಕ್ಷನ್ನೇ ಆಗಿಲ್ಲ ಅಂತ ಬೋರ್ಡಿನ ಲೈಬ್ರರಿ ಹೇಳೋದು. ಕಾರಣ ಕೇಳಿದ್ರೆ ನಗ್ತೀರಿ. ಸರ್ವರ್ ಪ್ರೋಗ್ರಾಮನ್ನು ಫ್ಲಾಸ್ಕ್‌ನಲ್ಲಿ ಬರೆದು ನನ್ನ ಲ್ಯಾಪ್‌ಟಾಪಿನಲ್ಲೇ ಓಡಿಸ್ತಿದ್ದೆ. ಬ್ರೌಸರಲ್ಲಿ ಲೋಕಲ್‌ಹೋಸ್ಟ್ ಅಂತ ಹೊಡೆದ್ರೆ ಚೆನ್ನಾಗಿ ತೆರೀತಿತ್ತು, ಅದೇ ವಿಳಾಸ ಬೋರ್ಡಿನ ಕೋಡಿಗೂ ಹಾಕಿದ್ದೆ. ಲೋಕಲ್‌ಹೋಸ್ಟ್ ಅಂದ್ರೆ 'ನಾನೇ' ಅಂತ ಅರ್ಥ. ಲ್ಯಾಪ್‌ಟಾಪ್ ಹಾಗಂದ್ರೆ ಲ್ಯಾಪ್‌ಟಾಪು, ಬೋರ್ಡು ಹಾಗಂದ್ರೆ ಬೋರ್ಡು. ಪಾಪ, ಅದು ತನ್ನ ಬಾಗಿಲನ್ನ ತಾನೇ ತಟ್ಟಿಕೊಂಡು ಒಳಗೆ ಯಾರೂ ಇಲ್ಲ ಅಂತ ವಾಪಸ್ ಬರ್ತಿತ್ತು. ವಿಳಾಸ 192.168 ಅಂತ ಶುರುವಾಗೋದಕ್ಕೆ ಬದಲಾಯಿಸಿದೆ, ಆಗಲೂ ಮೈನಸ್ 1. ಫ್ಲಾಸ್ಕ್ ತಾನಾಗೇ ಹೊರಗಿನವರ ಮಾತು ಕೇಳಲ್ಲ, 0.0.0.0 ಅಂತ ಕೊಟ್ಟರೆ ಮಾತ್ರ ಎಲ್ಲರಿಗೂ ಬಾಗಿಲು ತೆರೆಯುತ್ತೆ. ಅದಾದ ಮೇಲೆ ಫೈರ್‌ವಾಲ್. ಅದೂ ಆದ ಮೇಲೆ ಊರಿನ ಹೊಸ ರೌಟರ್ 5 ಗಿಗಾಹರ್ಟ್ಸ್ ಹೆಸರೊಂದನ್ನೇ ತೋರಿಸ್ತಿತ್ತು, ಈ ಚಿಪ್ಪಿಗೆ ಕಾಣೋದು 2.4 ಮಾತ್ರ. ಕೊನೆಗೆ ಲ್ಯಾಪ್‌ಟಾಪ್ ಬಿಟ್ಟು ಒಂದು ಬಾಡಿಗೆ ಸರ್ವರ್‌ಗೆ ಹಾಕಿದೆ, ಐದು ನಿಮಿಷಕ್ಕೊಂದು ರೀಡಿಂಗ್ ಬರೋಕೆ ಶುರುವಾಯ್ತು. ಅವತ್ತು ಆಫೀಸಲ್ಲಿ ಎಲ್ರಿಗೂ ಫೋನ್ ತೋರಿಸಿದ್ದೇ ತೋರಿಸಿದ್ದು. ನಮ್ಮಜ್ಜಿ ಫ್ರಿಜ್ಜು, 5.1 ಡಿಗ್ರಿ, ಲೈವ್!

ಮೊದಲ ಗಲಾಟೆ ಆಗಿದ್ದು ನನ್ನ ರೂಮ್‌ಮೇಟ್‌ಳಿಂದ. ಆಗ ನಾನು ಪೋಸ್ಟ್ ಬಳಸ್ತಿರಲಿಲ್ಲ, ಸುಲಭ ಅಂತ ಗೆಟ್ ಬಳಸಿ ಟೆಂಪರೇಚರನ್ನ ಯುಆರ್‌ಎಲ್ ಒಳಗೇ ತುರುಕಿ ಕಳಿಸ್ತಿದ್ದೆ. ಅವಳು ನನ್ನ ಸ್ಕ್ರೀನ್ ನೋಡಿ, ತನ್ನ ಫೋನಲ್ಲಿ ಅದೇ ವಿಳಾಸ ಹೊಡೆದು ಕೊನೇಲಿ 37 ಅಂತ ಹಾಕಿದ್ಲು. ತಮಾಷೆಗೆ. ನಾನು ರಾತ್ರಿ ಹತ್ತೂವರೆಗೆ ಊರಿಗೆ ಫೋನ್ ಮಾಡಿ ಚಿಕ್ಕಮ್ಮನ್ನ ಎಬ್ಬಿಸಿದೆ. ಅವರು ಎದ್ದು ಹೋಗಿ ಫ್ರಿಜ್ ಮುಟ್ಟಿ ನೋಡಿ, "ತಣ್ಣಗೆ ಇದ್ದಲೇ, ಮಲ್ಕ" ಅಂದ್ರು. ಅಜ್ಜಿಯ ಫ್ರಿಜ್ಜಿನ ಉಷ್ಣಾಂಶ ಯಾರಾದ್ರೂ ಓದಿದ್ರೆ ಏನಾಗ್ಬೇಕಿದೆ, ಗುಟ್ಟು ಏನಿಲ್ಲ ಅಂದ್ಕೊಂಡಿದ್ದೆ. ಓದೋದು ಬೇರೆ, ಬರೆಯೋದು ಬೇರೆ. ಅವತ್ತೇ ಪೋಸ್ಟ್‌ಗೆ ಬದಲಾಯಿಸಿ, ಜೊತೆಗೆ ಒಂದು ಉದ್ದದ ಕೀ ಕೂಡ ಹೆಡರಲ್ಲಿ ಹೋಗೋ ಹಾಗೆ ಮಾಡಿ, ಎಚ್‌ಟಿಟಿಪಿಎಸ್ ಹಾಕಿದೆ. ಬರೀ ಪೋಸ್ಟ್ ಮಾಡಿದ್ರೆ ರಕ್ಷಣೆ ಆಯ್ತು ಅಂದ್ಕೋಬೇಡಿ, ಅದನ್ನೂ ಯಾರು ಬೇಕಾದ್ರೂ ಕಳಿಸಬಹುದು. ಕೀ ಇರ್ಬೇಕು, ಆ ಕೀ ಇರೋ ಕೋಡನ್ನ ಗಿಟ್‌ಹಬ್‌ನಲ್ಲಿ ಎಲ್ರಿಗೂ ಕಾಣೋ ಹಾಗೆ ಹಾಕ್ಬಾರದು.

ಎರಡನೇ ಗಲಾಟೆ ನಂದೇ. ಒಂದು ದಿನ ಪೇಜು ತೆರೆದರೆ ಒಂದು ಗಂಟೆಯ ಸರಾಸರಿ ಮೈನಸ್ 6. ಎದೆ ಧಸಕ್ ಅಂತು. ಹೆಪ್ಪುಗಟ್ಟಿತು, ಎಲ್ಲಾ ಬಾಟಲಿ ಬಿಸಾಕ್ಬೇಕು ಅಂತ ಮತ್ತೆ ಫೋನು. ಚಿಕ್ಕಮ್ಮ ಹಾಲಿನ ಪಾತ್ರೆ ಅಲ್ಲಾಡಿಸಿ ನೋಡಿ ಹೇಳಿದ್ರು: "ಹಾಲು ಹಾಲಾಗೇ ಇದ್ದು. ನಿನ್ನ ಮಷೀನಿಗೆ ಚಳಿ ಆಗಿರ್ಬೇಕು."

ಆಗಿದ್ದೇನು ಅಂದ್ರೆ, ಕಸ ಗುಡಿಸುವಾಗ ವೈರು ಸ್ವಲ್ಪ ಸಡಿಲ ಆಗಿ ಒಂದೇ ಒಂದು ರೀಡಿಂಗ್ ತಪ್ಪಿತ್ತು. ಈ ಸೆನ್ಸರಿನ ಲೈಬ್ರರಿ, ಸೆನ್ಸರ್ ಸಿಗದಿದ್ದಾಗ ಎರರ್ ಅಂತ ಕೂಗಲ್ಲ, ಮೈನಸ್ 127 ಅನ್ನೋ ಸಂಖ್ಯೆ ಕೊಡುತ್ತೆ. ಹನ್ನೊಂದು ಸಲ 5 ಡಿಗ್ರಿ, ಒಂದು ಸಲ ಮೈನಸ್ 127, ಕೂಡಿ ಹನ್ನೆರಡರಿಂದ ಭಾಗಿಸಿ, ಮೈನಸ್ 6. ಲೆಕ್ಕ ಸರಿ, ಅರ್ಥ ತಪ್ಪು. ಇದೇ ಸೆನ್ಸರಿಗೆ ಇನ್ನೊಂದು ಅಭ್ಯಾಸ ಇದೆ. ಕರೆಂಟ್ ಬಂದ ಕ್ಷಣ ಅದರೊಳಗೆ 85 ಡಿಗ್ರಿ ಅಂತ ಬರೆದಿರುತ್ತೆ. ನಿಜವಾದ ಅಳತೆ ಮುಗಿಯೋಕೆ ಮುಕ್ಕಾಲು ಸೆಕೆಂಡ್ ಬೇಕು, ಅಷ್ಟರೊಳಗೆ ಓದಿದ್ರೆ 85 ಸಿಗುತ್ತೆ. ಗೊತ್ತಿಲ್ಲದೋರು ಅಡುಗೆಮನೆಗೆ ಬೆಂಕಿ ಬಿತ್ತು ಅಂದ್ಕೋತಾರೆ. ಈಗ ನನ್ನ ಸರ್ವರ್ ಈ ಎರಡನ್ನೂ ಉಷ್ಣಾಂಶ ಅಂತ ಒಪ್ಪಲ್ಲ. ಆದ್ರೆ ಬಿಸಾಕೋದೂ ಇಲ್ಲ, 'ಅಳೆಯೋಕೆ ಆಗಲಿಲ್ಲ' ಅಂತ ಬೇರೆ ಕಾಲಮ್ಮಿನಲ್ಲಿ ಬರೆದಿಡುತ್ತೆ. ಅಳೆಯೋಕೆ ಆಗಲಿಲ್ಲ ಅನ್ನೋದೂ ಒಂದು ಸುದ್ದಿ.

ಎರಡು ಸುಳ್ಳು ಎಚ್ಚರಿಕೆ ಆದ ಮೇಲೆ ಮನೇಲಿ ನನ್ನ ಫೋನಿಗೆ ಎಷ್ಟು ಬೆಲೆ ಉಳಿದಿತ್ತು ಅಂತ ನೀವೇ ಊಹಿಸ್ಕೊಳ್ಳಿ.

ಆಮೇಲೆ ಬಂತು ಜುಲೈ. ಮಲೆನಾಡಿನ ಜುಲೈ ನೋಡಿರೋರಿಗೆ ಹೇಳೋದು ಬೇಡ. ಒಂದು ಶುಕ್ರವಾರ ಸಂಜೆ ಆಫೀಸಿಂದ ಬರ್ತಾ ಮೆಟ್ರೋದಲ್ಲಿ ಪೇಜು ತೆರೆದೆ. ದೊಡ್ಡ ಹಸಿರು ಅಕ್ಷರದಲ್ಲಿ 4.8 ಡಿಗ್ರಿ. ಆಹಾ, ಮಳೆಗಾಲದಲ್ಲಿ ಫ್ರಿಜ್ಜು ಎಷ್ಟು ಚೆನ್ನಾಗಿದೆ ಅಂದ್ಕೊಂಡು ಫೋನ್ ಒಳಗಿಟ್ಟೆ. ರಾತ್ರಿ ಮಲಗೋ ಮುಂಚೆ ನೋಡಿದೆ, 4.8. ಶನಿವಾರ ಬೆಳಗ್ಗೆ ಎದ್ದು ನೋಡಿದೆ, 4.8.

ಹತ್ತು ಗಂಟೆಗೆ ಚಿಕ್ಕಪ್ಪ ಫೋನ್ ಮಾಡಿದರು, ಸಾಗರ ಪೇಟೆಯಿಂದ. "ಎಂತ ಕೂಸೆ, ಸುದ್ದಿನೇ ಇಲ್ಲ?" ನಾನು ಅಂದೆ, ನಿಮ್ಮ ಫ್ರಿಜ್ಜು ಚೆನ್ನಾಗಿದೆ ಚಿಕ್ಕಪ್ಪ, ಈಗಷ್ಟೇ ನೋಡಿದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಹೇಳಿದರು: "ಕರೆಂಟು ಹೋಗಿ ಎರಡು ದಿನ ಆಗ್ತಾ ಬಂತಲೇ ಮಾರಾಯ್ತಿ. ಮರ ಬಿದ್ದು ಲೈನೇ ಹರಿದಿದೆ. ಟವರೂ ಇಲ್ಲ. ಫೋನ್ ಚಾರ್ಜ್ ಮಾಡೋಕೆ ಅಂತ್ಲೇ ಪೇಟೆಗೆ ಬಂದಿದೀನಿ."

ಕರೆಂಟು ಹೋಯ್ತು ಅಂದ್ರೆ ಫ್ರಿಜ್ಜು ನಿಂತಿತು. ಜೊತೆಗೆ ರೌಟರೂ ನಿಂತಿತು, ನನ್ನ ಬೋರ್ಡೂ ನಿಂತಿತು. ಯಾವ ಹೊತ್ತಲ್ಲಿ ನಂಗೆ ಸುದ್ದಿ ಬೇಕಿತ್ತೋ ಅದೇ ಹೊತ್ತಲ್ಲಿ ಸುದ್ದಿ ಹೇಳೋನೂ ಮಲಗಿದ್ದ. ನನ್ನ ಪೇಜು ಏನು ಮಾಡ್ತಿತ್ತು? ಡೇಟಾಬೇಸಿನ ಕೊನೇ ಸಾಲು ತೆಗೆದು ದೊಡ್ಡ ಅಕ್ಷರದಲ್ಲಿ ತೋರಿಸ್ತಿತ್ತು. ಅದು ಗುರುವಾರ ಸಂಜೆಯದ್ದು ಅಂತ ಎಲ್ಲೂ ಬರೆದಿರಲಿಲ್ಲ. ಬರೆಯದೇ ಇದ್ದವಳು ನಾನೇ. ಹೇಳಿದ್ನಲ್ಲ, ಟೆಸ್ಟಿಂಗ್ ಕೆಲಸ ಅಂತ.

ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಕರೆಂಟು ಬಂತು. ರೀಡಿಂಗ್ ಮತ್ತೆ ಶುರುವಾಯ್ತು, ಮೊದಲನೇದು 22 ಡಿಗ್ರಿ. ಆಗ ಗ್ರಾಫ್ ನೋಡಿ ಇನ್ನೂ ಹೊಟ್ಟೆ ಉರೀತು. ಗ್ರಾಫ್ ಬರೆಯೋ ಲೈಬ್ರರಿಗೆ ನಡುವೆ ಡೇಟಾ ಇಲ್ಲ ಅಂತ ಯಾರೂ ಹೇಳಿರಲಿಲ್ಲ. ಅದು ಗುರುವಾರದ 4.8ನ್ನೂ ಶನಿವಾರದ 22ನ್ನೂ ಸೇರಿಸಿ, ಸ್ಕೇಲ್ ಇಟ್ಟ ಹಾಗೆ ನೇರವಾಗಿ ಒಂದು ಗೆರೆ ಎಳೆದಿತ್ತು. ಆ ಗೆರೆ ನಂಬಿದರೆ ಶುಕ್ರವಾರ ಬೆಳಗ್ಗೆ ಆರೂವರೆಗೆ ಫ್ರಿಜ್ಜಿನೊಳಗೆ ಸುಮಾರು 10 ಡಿಗ್ರಿ ಇತ್ತು ಅನ್ನಬೇಕು. ನಿಂತುಹೋದ ಫ್ರಿಜ್ಜು ಹಾಗೆ ನಿಧಾನವಾಗಿ, ಸಮನಾಗಿ ಬಿಸಿಯಾಗಲ್ಲ. ಮೊದಲು ಬೇಗ ಏರುತ್ತೆ, ಹೊರಗಿನ ಬಿಸಿ ಹತ್ತಿರ ಬಂದ ಹಾಗೆ ನಿಧಾನ ಆಗುತ್ತೆ. 42 ಗಂಟೆ ಏನಾಯ್ತು ಅಂತ ಯಾರಿಗೂ ಗೊತ್ತಿರಲಿಲ್ಲ, ಗ್ರಾಫ್ ಮಾತ್ರ ಗೊತ್ತಿರೋರ ಥರ ಗೆರೆ ಎಳೆದಿತ್ತು.

ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ: ಎಷ್ಟು ಗಂಟೆ ಕರೆಂಟ್ ಇರಲಿಲ್ಲ, ಔಷಧಿ ಇದ್ದ ಜಾಗ ಎಷ್ಟು ಬಿಸಿ ಇತ್ತು? ಸರ್ವರು, ಡೇಟಾಬೇಸು, ಗ್ರಾಫು ಎಲ್ಲಾ ಇಟ್ಕೊಂಡಿರೋ ನನ್ನ ಹತ್ರ ಎರಡಕ್ಕೂ ಉತ್ತರ ಇಲ್ಲ.

ಚಿಕ್ಕಮ್ಮನ ಹತ್ರ ಇತ್ತು. ಗುರುವಾರ ಸಂಜೆ ದೇವರಿಗೆ ದೀಪ ಹಚ್ಚೋ ಹೊತ್ತಲ್ಲಿ ಕರೆಂಟು ಹೋದಾಗ, ಗೋಡೆಯ ಕ್ಯಾಲೆಂಡರಲ್ಲಿ, ಹಾಲಿನ ಲೆಕ್ಕ ಬರೆಯೋ ಚೌಕದಲ್ಲೇ, '6.30 ಕರೆಂಟ್' ಅಂತ ಬರೆದಿದ್ರು. ಗಾಳಿ ನೋಡಿ ಇದು ಇವತ್ತಿಗೆ ಬರೋ ಕರೆಂಟಲ್ಲ ಅಂತ ಅವರಿಗೆ ಅನ್ನಿಸಿತ್ತಂತೆ. ರಾತ್ರಿ ಊಟಕ್ಕೆ ಮುಂಚೆಯೇ ಇನ್ಸುಲಿನ್ ಬಾಟಲಿಗಳನ್ನು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಒಂದು ಮಣ್ಣಿನ ಮಡಕೆಗೆ ಇಟ್ಟು, ಅದನ್ನ ನೀರಿದ್ದ ಅಗಲದ ಪಾತ್ರೆಯಲ್ಲಿ ಕೂರಿಸಿ, ಒದ್ದೆ ಬಟ್ಟೆ ಸುತ್ತಿ, ನಡುಮನೆಯ ಮೂಲೆಯಲ್ಲಿ ಇಟ್ಟಿದ್ದರು. ಫ್ರಿಜ್ಜಿಲ್ಲದ ಕಾಲದಲ್ಲಿ ಅವರ ತವರಿನಲ್ಲಿ ಹೀಗೇ ಮಾಡ್ತಿದ್ರಂತೆ.

ಅಂದ್ರೆ ನನ್ನ ಸೆನ್ಸರ್ ಶನಿವಾರ ಅಷ್ಟು ಗಾಬರಿಯಿಂದ 22 ಡಿಗ್ರಿ ಅಂತ ಕಳಿಸಿದ್ದು ಬರೀ ಹಾಲು, ಮೊಸರು, ಕೊತ್ತಂಬರಿ ಸೊಪ್ಪಿದ್ದ ಫ್ರಿಜ್ಜಿನದ್ದು. ಡಾಕ್ಟರು ಕೇಳಿಸ್ಕೊಂಡು, ಮಳೆಗಾಲದ ತಂಪಲ್ಲಿ ಮಡಕೆಯೊಳಗೆ ಇದ್ದದ್ದಕ್ಕೆ ತೊಂದರೆ ಇಲ್ಲ, ಆದ್ರೆ ಗುರುವಾರದಿಂದ ಲೆಕ್ಕ ಹಾಕಿ ನಾಲ್ಕು ವಾರದೊಳಗೆ ಮುಗಿಸಿ, ಮತ್ತೆ ಎಷ್ಟು ದಿನ ಇಡ್ಬಹುದು ಅಂತ ಎಳೀಬೇಡಿ ಅಂದ್ರು. ಇದು ನಮ್ಮ ಅಜ್ಜಿಯ ಔಷಧಿಗೆ ಅವರು ಹೇಳಿದ್ದು. ಇನ್ಸುಲಿನ್‌ನಲ್ಲಿ ಬಗೆಬಗೆ ಇದೆ, ನಿಮ್ಮ ಮನೆಯದ್ದಕ್ಕೆ ಲೇಬಲ್ ನೋಡಿ, ನಿಮ್ಮ ಡಾಕ್ಟರನ್ನೇ ಕೇಳಿ.

ಅದಾದ ಮೇಲೆ ಇಡೀ ವ್ಯವಸ್ಥೆ ಮತ್ತೆ ಬರೆದೆ. ಮೊದಲು ಪೇಜು. ಈಗ ಅಲ್ಲಿ ಡಿಗ್ರಿಗಿಂತ ದೊಡ್ಡದಾಗಿ ಕಾಣೋದು 'ಎಷ್ಟು ನಿಮಿಷದ ಹಿಂದಿನದು' ಅನ್ನೋದು. ಹದಿನೈದು ನಿಮಿಷ ದಾಟಿದರೆ ಸಂಖ್ಯೆ ಬೂದು ಬಣ್ಣಕ್ಕೆ ತಿರುಗುತ್ತೆ, ಅರ್ಧ ಗಂಟೆ ದಾಟಿದರೆ ಮಾಯ. ಗ್ರಾಫಲ್ಲಿ ಡೇಟಾ ಇಲ್ಲದ ಕಡೆ ಗೆರೆ ಇಲ್ಲ, ಖಾಲಿ. ಆಮೇಲೆ ಅಲಾರಂ. ಮೊದಲು ಬೋರ್ಡಿನಲ್ಲೇ 'ಬಿಸಿಯಾದ್ರೆ ಹೇಳು' ಅಂತ ಬರೆದಿದ್ದೆ. ಸತ್ತುಹೋದ ಬೋರ್ಡು ಏನು ಹೇಳುತ್ತೆ? ಈಗ ಆ ಕೆಲಸ ಸರ್ವರಿನದ್ದು. ಅದು ಪ್ರತಿ ನಿಮಿಷ ಗಡಿಯಾರ ನೋಡುತ್ತೆ, ಸಾಗರದಿಂದ ಅರ್ಧ ಗಂಟೆ ಸುದ್ದಿ ಬಂದಿಲ್ಲ ಅಂದ್ರೆ ನಮಗೆ ಮೆಸೇಜ್ ಹಾಕುತ್ತೆ. ಮೊದಲ ವಾರ ನಡುರಾತ್ರಿಯ ಮೆಸೇಜಿನಲ್ಲಿ ಸಂಜೆ ಆರೂವರೆ ಅಂತ ಸಮಯ ಇರ್ತಿತ್ತು. ಸರ್ವರಿನ ಗಡಿಯಾರ ಯುಟಿಸಿಯಲ್ಲಿತ್ತು, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ.

ಬೋರ್ಡಿಗೆ ಒಂದು ಪವರ್ ಬ್ಯಾಂಕ್ ಕೊಟ್ಟು ನೋಡಿದೆ. ನಡುನಡುವೆ ನಿದ್ದೆ ಮಾಡೋ ಹಾಗೆ ಕೋಡ್ ಬರೆದಿದ್ದರಿಂದ ಅದು ತುಂಬಾ ಕಡಿಮೆ ಕರೆಂಟ್ ಎಳೀತಿತ್ತು. ಏನೂ ಜೋಡಿಸಿಲ್ಲ ಅಂದ್ಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗ್ತಿತ್ತು. ಅದನ್ನ ಬಿಟ್ಟು ಒಂದು ಲಿಥಿಯಂ ಸೆಲ್ಲು, ಚಾರ್ಜಿಂಗ್ ಮಾಡ್ಯೂಲ್ ಹಾಕಿದೆ. ರೌಟರಿಗೆ ಚಿಕ್ಕ ಯುಪಿಎಸ್, ಅದು ಒಂದಷ್ಟು ಗಂಟೆ ತಡೆಯುತ್ತೆ.

ಆದ್ರೆ ನೆಟ್ಟೇ ಹೋದ್ರೆ? ಆಗ ಬೋರ್ಡು ರೀಡಿಂಗ್‌ಗಳನ್ನು ತನ್ನ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಟ್ಟು, ನೆಟ್ ಬಂದ ಮೇಲೆ ಎಲ್ಲಾ ಒಟ್ಟಿಗೆ ಕಳಿಸ್ಬೇಕು. ಇಲ್ಲಿ ಎರಡು ಕಡೆ ಎಡವಿದೆ. ಒಂದು, ಈ ಬೋರ್ಡಿಗೆ ಈಗ ಎಷ್ಟು ಗಂಟೆ ಅಂತ ಗೊತ್ತಿರಲ್ಲ. ಇಂಟರ್ನೆಟ್ಟಿಂದ ಎನ್‌ಟಿಪಿ ಮೂಲಕ ಕೇಳಿ ತಿಳ್ಕೋಬೇಕು. ನೆಟ್ ಇಲ್ಲದಾಗ ರೀಸ್ಟಾರ್ಟ್ ಆದ್ರೆ ಅದಕ್ಕೆ ಕಾಲಜ್ಞಾನವೇ ಇಲ್ಲ. ಹಾಗಾಗಿ ಗುಂಡು ಸೆಲ್ ಇರೋ ಡಿಎಸ್3231 ಅನ್ನೋ ಗಡಿಯಾರದ ಮಾಡ್ಯೂಲ್ ಜೋಡಿಸಿದೆ. ಸರ್ವರ್ ಈಗ ಎರಡು ಸಮಯ ಬರೆದುಕೊಳ್ಳುತ್ತೆ, ಅಳೆದದ್ದು ಯಾವಾಗ, ತಲುಪಿದ್ದು ಯಾವಾಗ. ಎರಡು, ಬೋರ್ಡು ಕಳಿಸಿದ ಕಾಗದ ಸರ್ವರಿಗೆ ಮುಟ್ಟಿ, ತಿರುಗಿ ಬರೋ 200 ಮಾತ್ರ ದಾರಿಯಲ್ಲಿ ಕಳೆದುಹೋಗಬಹುದು. ಬೋರ್ಡು ಮುಟ್ಟಿಲ್ಲ ಅಂದ್ಕೊಂಡು ಮತ್ತೆ ಕಳಿಸುತ್ತೆ, ಒಂದೇ ರೀಡಿಂಗ್ ಎರಡು ಸಲ ಕೂರುತ್ತೆ. ಅದಕ್ಕೆ ಪ್ರತಿ ರೀಡಿಂಗಿಗೂ ಒಂದು ಕ್ರಮಸಂಖ್ಯೆ ಕೊಟ್ಟೆ. ಅದೇ ಸಂಖ್ಯೆ ಮತ್ತೆ ಬಂದ್ರೆ ಸರ್ವರ್ ಗಲಾಟೆ ಮಾಡದೆ 200 ಅಂತ ಹೇಳಿ, ಎರಡನೇದನ್ನ ಬಿಟ್ಟುಬಿಡುತ್ತೆ. 200 ಕೈಗೆ ಬಂದ ಮೇಲಷ್ಟೇ ಬೋರ್ಡು ತನ್ನ ಪ್ರತಿ ಅಳಿಸುತ್ತೆ.

ಮುಂದಿನ ಮಳೆಗಾಲ, ಒಂದು ರಾತ್ರಿ ಒಂಬತ್ತು ಗಂಟೆಗೆ ಮೆಸೇಜು: 'ಫ್ರಿಜ್ಜಿನಿಂದ 31 ನಿಮಿಷದಿಂದ ಸುದ್ದಿ ಇಲ್ಲ.' ಫೋನ್ ಮಾಡಿದೆ. ಪುಣ್ಯಕ್ಕೆ ರಿಂಗ್ ಆಯ್ತು.

"ಚಿಕ್ಕಮ್ಮ, ಕರೆಂಟ್ ಇದ್ಯಾ?"

"ಇಲ್ಲೆ. ಎಂಟೂ ಇಪ್ಪತ್ತಕ್ಕೆ ಹೋತು. ಮಡಕೆಗೆ ಇಟ್ಟಾತು, ನಿಂದು ಊಟ ಆತಾ?"

ಹಿಂದಿನಿಂದ ಅಜ್ಜಿಯ ದನಿ: "ಅವಳ ಬಾಲ ಸರಿಯಾಗಿದ್ದಾ ಕೇಳೇ."

ಅವತ್ತು ಲೈನ್ ಸರಿಯಾಗೋಕೆ ಮಾರನೇ ದಿನ ಸಂಜೆ ಆಯ್ತು. ನೆಟ್ ಬಂದ ಕೂಡ್ಲೇ ಬೋರ್ಡು ಕೂಡಿಟ್ಟಿದ್ದನ್ನೆಲ್ಲ ಸಾಲಾಗಿ ಕಳಿಸಿತು, ಗ್ರಾಫಿನ ಖಾಲಿ ಜಾಗ ನನ್ನ ಕಣ್ಣೆದುರೇ ತುಂಬ್ತಾ ಹೋಯ್ತು. ಮೊದಲು ಬೇಗ ಏರಿ, ಆಮೇಲೆ ಬಾಗಿ ಹೋಗೋ ಗೆರೆ. ಈ ಸಲ ಸೆನ್ಸರಿನ ತುದಿಯೂ ಮಡಕೆಯೊಳಗೇ ಇದ್ದಿದ್ರಿಂದ ಅದು ಫ್ರಿಜ್ಜಿನ ಗೆರೆ ಅಲ್ಲ, ಮಡಕೆಯ ಗೆರೆ. 21 ದಾಟಲಿಲ್ಲ. ಬಾಟಲಿಗಳ ಜೊತೆ ವೈರನ್ನೂ ಎತ್ತಿ ಮಡಕೆಗೆ ಇಟ್ಟಿದ್ದು ಚಿಕ್ಕಮ್ಮ. ನಾನು ಹೇಳಿರಲಿಲ್ಲ.

ಈಗ ಅರ್ಧ ಗಂಟೆಯ ಮೆಸೇಜು ಅವರ ಫೋನಿಗೂ ಹೋಗುತ್ತೆ, ಅವರೇ ಕೇಳಿ ಹಾಕಿಸ್ಕೊಂಡಿದ್ದು. ಕ್ಯಾಲೆಂಡರಲ್ಲಿ ಬರೆಯೋದನ್ನ ನಿಲ್ಲಿಸಿಲ್ಲ.